51 ಆಮೆಗಳಲ್ಲಿ ನಮ್ಮ ಆಮೆ ಯಾವುದು?

2018ರಲ್ಲಿ ಸಿಂಗಾಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಬಂದವು. ಕಳ್ಳಸಾಗಣೆಯಾಗಿ ಹೋಗಿದ್ದ ಆಮೆಗಳನ್ನ ಅಲ್ಲಿ ಹಿಡಿದು, ನಮ್ಮ ರಾಜ್ಯಕ್ಕೆ ವಾಪಸ್ ಕಳಿಸಿದ್ದರು. ಕಪ್ಪು ಚಿಪ್ಪು, ಹಳದಿ ಗೆರೆ, ದೂರದಿಂದ ನೋಡಿದ್ರೆ ಎಲ್ಲವೂ ಒಂದೇ ಥರ. ಇಷ್ಟರಲ್ಲಿ ಒಂದಕ್ಕೆ ನೆಗಡಿಯಾಗಿದೆ ಅಂದ್ರೆ, ನಾಳೆ ಅದನ್ನ ಹೇಗೆ ಹುಡುಕೋದು?

ಈ ಪ್ರಶ್ನೆ ಹಿಡ್ಕೊಂಡೇ ನಾವು ನಾಲ್ಕು ಜನ ಹೋದ ಸೆಮಿಸ್ಟರ್ ಡಿಬಿಎಂಎಸ್ ಮಿನಿ ಪ್ರಾಜೆಕ್ಟ್ ಮಾಡಿದ್ವಿ: ಆಮೆಗಳ ರಿಜಿಸ್ಟರ್. ಒಂದು ಆವರಣಕ್ಕೆ ಒಂದು ಆಮೆ ಅಂದ್ಕೊಂಡು, ಆವರಣದ ನಂಬರನ್ನೇ ಪ್ರೈಮರಿ ಕೀ ಮಾಡಿದ್ವಿ. ವೈವಾದಲ್ಲಿ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಆಮೆನ ಬೇರೆ ಕಡೆ ಹಾಕಿದ್ರೆ ಏನ್ರಪ್ಪಾ ಮಾಡ್ತೀರಿ?" ನಾವು ಗಪ್‌ಚುಪ್.

ಇದು ಬರೀ ಮಾರ್ಕ್ಸ್ ವಿಷಯ ಅಲ್ಲ. ಔಷಧಿ ಡೋಸ್ ತೂಕದ ಲೆಕ್ಕದಲ್ಲಿರುತ್ತೆ. ಕೆಲವು ಆಂಟಿಬಯೋಟಿಕ್‌ಗಳನ್ನ ಸರೀಸೃಪಗಳಿಗೆ ಮೂರು ದಿನಕ್ಕೊಮ್ಮೆ ಕೊಡ್ತಾರೆ. ಗುರುತು ತಪ್ಪಿದ್ರೆ ಒಂದು ಆಮೆಗೆ ಎರಡು ಸಲ ಇಂಜೆಕ್ಷನ್, ಇನ್ನೊಂದಕ್ಕೆ ಏನೂ ಇಲ್ಲ. ಹಾಗಾಗಿ ಗುರುತು ಪ್ರಾಣಿಯ ಮೈಮೇಲೇ ಇರಬೇಕು. ಅದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಫೋಟೋ. ಹತ್ತಿರದಿಂದ ನೋಡಿದ್ರೆ ಚಿಪ್ಪಿನ ಗೆರೆಗಳು ಒಂದರ ಹಾಗೆ ಇನ್ನೊಂದಕ್ಕಿರಲ್ಲ. ಮೇಲಿನ ಚಿಪ್ಪು, ಹೊಟ್ಟೆ ಕಡೆಯ ಚಿಪ್ಪು ಎರಡರದ್ದೂ ಫೋಟೋ ಬೇಕು. ಖರ್ಚಿಲ್ಲ, ನೋವೂ ಇಲ್ಲ. ಆದ್ರೆ ಮರಿ ಬೆಳೆದ ಹಾಗೆ ಗೆರೆಗಳ ರೂಪವೂ ಬದಲಾಗುತ್ತೆ, ಆಗಾಗ ಹೊಸದಾಗಿ ತೆಗೀತಾ ಇರಬೇಕು. ಮರಿಗಳಿಗೆ ನೇಲ್ ಪಾಲಿಶ್ ಚುಕ್ಕೆ ಇಡೋದೂ ಉಂಟು, ಅದು ಸ್ವಲ್ಪ ದಿನಕ್ಕೆ ಸವೆದು ಹೋಗುತ್ತೆ.

ಎರಡನೆಯದು ಕಚ್ಚು. ಚಿಪ್ಪಿನ ಅಂಚಿನ ಸುತ್ತ ಸಾಲಾಗಿರೋ ಫಲಕಗಳಲ್ಲಿ ಅರದಿಂದ ಸಣ್ಣ ಕಚ್ಚು ಮಾಡ್ತಾರೆ. ಒಂದೊಂದು ಫಲಕಕ್ಕೆ ಒಂದೊಂದು ಬೆಲೆ. ಒಂದು ಪದ್ಧತಿಯಲ್ಲಿ ಬೆಲೆಗಳು ಹೀಗಿವೆ: 1, 2, 4, 7, ಆಮೇಲೆ 10, 20, 40, 70. ಆಮೆ ನಂಬರ್ 51 ಅಂದ್ರೆ 40, 10, 1, ಮೂರೇ ಕಚ್ಚು. ಇಲ್ಲಿ ನಮಗೆ ಡೌಟ್ ಬಂತು. ಬೈನರಿ ಥರ 8 ಯಾಕಿಲ್ಲ, 7 ಯಾಕೆ? ಲೆಕ್ಕ ಹಾಕಿ ನೋಡಿ. 1, 2, 4, 8 ಇಟ್ರೆ 7 ಬರೆಯೋಕೆ ಮೂರು ಕಚ್ಚು ಬೇಕು. 7 ಇಟ್ರೆ 1ರಿಂದ 9ರವರೆಗೆ ಯಾವ ಅಂಕಿಗೂ ಎರಡಕ್ಕಿಂತ ಹೆಚ್ಚು ಬೇಡ. ಆಮೆಗೆ ಒಂದು ಕಚ್ಚು ಕಡಿಮೆ! ಆದರೂ ಚಿಪ್ಪಿನ ಅಡಿಯಲ್ಲಿ ಜೀವಂತ ಮೂಳೆ ಇದೆ, ಇದು ತಿಳಿದವರು ಮಾತ್ರ ಮಾಡುವ ಕೆಲಸ. ಯಾವುದಾದ್ರೂ ಪ್ರಾಣಿ ಕಚ್ಚಿ ಅಂಚು ಮುರಿದ್ರೆ ನಂಬರೇ ತಪ್ಪಾಗಿ ಓದೋ ಅಪಾಯವೂ ಇದೆ.

ಮೂರನೆಯದು ಮೈಕ್ರೋಚಿಪ್. ಸುಮಾರು 12 ಮಿಲಿಮೀಟರ್ ಉದ್ದದ ಗಾಜಿನ ಕೊಳವೆ, ಒಳಗೆ ಒಂದು ಕಾಯಿಲ್, ಒಂದು ಚಿಪ್. ಸಾಮಾನ್ಯವಾಗಿ ಎಡ ಹಿಂಗಾಲಿನ ಹತ್ತಿರ, ಚರ್ಮದ ಕೆಳಗೆ ಸೂಜಿಯಿಂದ ಇಡ್ತಾರೆ. ತೀರಾ ಸಣ್ಣ ಮರಿಗೆ ಆಗಲ್ಲ. ಬ್ಯಾಟರಿ ಇಲ್ಲ. ರೀಡರ್ 134.2 ಕಿಲೋಹರ್ಟ್ಸ್‌ನಲ್ಲಿ ಕಾಂತಕ್ಷೇತ್ರ ಉಂಟು ಮಾಡುತ್ತೆ, ಚಿಪ್‌ನ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತೆ, ಅದೇ ಶಕ್ತಿಯಲ್ಲಿ ಅದು ತನ್ನ 15 ಅಂಕಿಯ ನಂಬರ್ ಹೇಳುತ್ತೆ. ನಮ್ಮ ಟ್ರಾನ್ಸ್‌ಫಾರ್ಮರ್ ಪಾಠವೇ! ಬ್ಯಾಟರಿ ಇಲ್ಲದ ಕಾರಣ ದಶಕಗಟ್ಟಲೆ ಬದುಕುವ ಆಮೆಗೆ ಇದು ಸರಿಹೊಂದುತ್ತೆ.

ಆದ್ರೆ ಇದು ಜಿಪಿಎಸ್ ಅಲ್ಲ. ರೀಡರನ್ನ ಆಮೆಯ ಹತ್ತಿರ ಹಿಡಿದ್ರೆ ಮಾತ್ರ ಓದುತ್ತೆ. ಆಗುಂಬೆಯಲ್ಲಿ 2008ರಿಂದ ಕಾಳಿಂಗ ಸರ್ಪಗಳ ಓಡಾಟ ತಿಳಿಯೋಕೆ ಬಳಸಿದ್ದು ಬೇರೆ ಸಾಧನ, ಬ್ಯಾಟರಿ ಇರೋ ರೇಡಿಯೋ ಟ್ರಾನ್ಸ್‌ಮಿಟರ್.

ಇಷ್ಟೆಲ್ಲಾ ಓದಿದ ಮೇಲೆ ನಮಗೆ ಅರ್ಥವಾಗಿದ್ದು ಇಷ್ಟು: ಚಿಪ್ ಒಂದು ನಂಬರ್ ಹೇಳುತ್ತೆ ಅಷ್ಟೇ. ಆ ಆಮೆ ಎಲ್ಲಿಂದ ಬಂತು, ಯಾವಾಗ ಎಷ್ಟು ತೂಕ ಇತ್ತು, ಯಾವ ಔಷಧಿ ಕೊಟ್ರು ಅನ್ನೋದು ರಿಜಿಸ್ಟರ್‌ನಲ್ಲೇ ಇರಬೇಕು. ರಿಜಿಸ್ಟರ್ ಕಳೆದ್ರೆ ಚಿಪ್ ಬರೀ ಗಾಜಿನ ಚೂರು. 2019ರಿಂದ ನಕ್ಷತ್ರ ಆಮೆ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ, ಅಂದ್ರೆ ಕಾಡಿನ ಆಮೆಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ. ಕಾಡಿಂದ ಕದ್ದ ಆಮೆಯನ್ನ "ಇದು ನಮ್ಮಲ್ಲೇ ಹುಟ್ಟಿದ್ದು" ಅಂತ ಯಾರಾದ್ರೂ ತೋರಿಸಿದ್ರೆ, ಸುಳ್ಳು ಹಿಡಿಯೋಕೂ ಇಂಥ ದಾಖಲೆಯೇ ಬೇಕು.

ನಾವು ಟೇಬಲ್‌ಗಳನ್ನ ಮತ್ತೆ ಬರೆದ್ವಿ. ಪ್ರತಿ ಆಮೆಗೂ ನಮ್ಮದೇ ಒಂದು ನಂಬರ್. ಆಮೆ ಸತ್ತರೂ ಆ ನಂಬರ್ ಇನ್ನೊಂದಕ್ಕೆ ಕೊಡಲ್ಲ. ಚಿಪ್, ಕಚ್ಚು, ಫೋಟೋ, ತೂಕ, ಔಷಧಿ, ಆವರಣ ಎಲ್ಲವೂ ತಾರೀಕಿನ ಜೊತೆ ಬೇರೆ ಟೇಬಲ್‌ಗಳಲ್ಲಿ. ಚಿಪ್ ಕೆಟ್ಟರೆ ಫೋಟೋ ಇದೆ, ಫೋಟೋ ಹಳೇದಾದ್ರೆ ಚಿಪ್ ಇದೆ.

ಮೇಡಂ, ನಿಮ್ಮ ಪ್ರಶ್ನೆಗೆ ತಡವಾದ ಉತ್ತರ: ಆಮೆನ ಬೇರೆ ಕಡೆ ಹಾಕಿದ್ರೆ ಆವರಣದ ಟೇಬಲ್‌ಗೆ ಒಂದು ಸಾಲು ಸೇರುತ್ತೆ. ಆಮೆಯ ನಂಬರ್ ಹಾಗೇ ಇರುತ್ತೆ.