ಮುಚ್ಚಿದ ಕಣ್ಣಿನೊಳಗೊಂದು ಮಿಂಚು

ಅಲ್ಲಾಹನು ಮಾನವನಿಗೆ ದಯಪಾಲಿಸಿದ ಅನುಗ್ರಹಗಳಲ್ಲಿ ದೃಷ್ಟಿ ಮಹತ್ತರವಾದುದು. ಮನೆಯ ಹಿರಿಯರೊಬ್ಬರ ಕಣ್ಣಿಗೆ ಪೊರೆ ಬಂದಾಗ ಅದರ ಬೆಲೆ ನಮಗೆ ಅರಿವಾಗುತ್ತದೆ. ವಯಸ್ಸಾದಂತೆ ಪೊರೆ ಬರುವುದು ಸಹಜ. ಆದರೆ ಉತ್ತಮ ಆರೋಗ್ಯ ಹೊಂದಿದ ಗಗನಯಾತ್ರಿಗಳಿಗೂ ಅದು ಬೇಗನೆ ಬಂದರೆ?

1969ರಲ್ಲಿ ಅಪೊಲೊ 11 ನೌಕೆಯಲ್ಲಿ ಚಂದ್ರನತ್ತ ಹೋದ ಬಝ್ ಆಲ್ಡ್ರಿನ್‌ರಿಗೆ ಕತ್ತಲಾದ ನೌಕೆಯೊಳಗೆ ಮಿಂಚಿನಂತಹ ಬೆಳಕು ಕಾಣಿಸಿತು. ಅನಂತರ ಹೋದವರಿಗೂ ಅದೇ ಅನುಭವ. ಕಣ್ಣು ಮುಚ್ಚಿದರೂ ಮಿಂಚು ನಿಲ್ಲಲಿಲ್ಲ. 1972ರ ಅಪೊಲೊ ಯಾತ್ರೆಗಳಲ್ಲಿ ತಲೆಗೆ ವಿಶೇಷ ಉಪಕರಣ ಧರಿಸಿ ಇದನ್ನು ಪರೀಕ್ಷಿಸಲಾಯಿತು. ಹೊರಗಿನಿಂದ ಬಂದ ಬೆಳಕು ಅದಾಗಿರಲಿಲ್ಲ. ಬಾಹ್ಯಾಕಾಶದ ಕಣಗಳು ಕಣ್ಣನ್ನು ತೂರಿಕೊಂಡು ಹೋದುದರ ಗುರುತಾಗಿತ್ತು.

ಭಾರ ಅಯಾನು ಎಂದರೇನು?

ನಕ್ಷತ್ರಗಳು ಸ್ಫೋಟಗೊಂಡಾಗ ಪರಮಾಣುಗಳು ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡು ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಚಿಮ್ಮುತ್ತವೆ. ಇವುಗಳಲ್ಲಿ ಹೆಚ್ಚಿನವು ಹಗುರವಾದ ಪ್ರೋಟಾನ್‌ಗಳು. ಕಬ್ಬಿಣದಂತಹ ಭಾರವಾದ ಕಣಗಳು ಶೇಕಡಾ 1ರಷ್ಟು ಮಾತ್ರ. ಆದರೆ ಹಾನಿ ಮಾಡುವುದರಲ್ಲಿ ಇವು ಮುಂದು. ಇವನ್ನೇ ಭಾರ ಅಯಾನುಗಳೆನ್ನುತ್ತಾರೆ. ಭೂಮಿಯ ವಾಯುಮಂಡಲ ಮತ್ತು ಕಾಂತಕ್ಷೇತ್ರಗಳು ಗುರಾಣಿಯಂತೆ ನಿಂತು ನಮ್ಮನ್ನು ಇವುಗಳಿಂದ ಕಾಪಾಡುತ್ತಿವೆ. ಆ ಗುರಾಣಿಯನ್ನು ದಾಟಿ ಹೋದವರಿಗೆ ಈ ರಕ್ಷಣೆಯಿಲ್ಲ.

2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಾಸಾದ 295 ಗಗನಯಾತ್ರಿಗಳ ಆರೋಗ್ಯ ದಾಖಲೆಗಳನ್ನು ಪರಿಶೀಲಿಸಲಾಯಿತು. ಕಣ್ಣಿನ ಮಸೂರಕ್ಕೆ 8 ಮಿಲಿಸೀವರ್ಟ್‌ಗಿಂತ ಹೆಚ್ಚು ಬಾಹ್ಯಾಕಾಶ ವಿಕಿರಣ ತಗಲಿದವರಲ್ಲಿ ಪೊರೆಯ ಅಪಾಯ ಹೆಚ್ಚಾಗಿತ್ತು. ಅದು ಬೇಗನೆ ಕಾಣಿಸಿಕೊಂಡಿತ್ತು.

ಮಸೂರಕ್ಕೇ ಏಕೆ ಪೆಟ್ಟು?

ನಮ್ಮ ಚರ್ಮ ಹಳೆಯ ಜೀವಕೋಶಗಳನ್ನು ಉದುರಿಸಿ ಹೊಸದನ್ನು ಪಡೆಯುತ್ತದೆ. ಮಸೂರಕ್ಕೆ ಆ ಅವಕಾಶವಿಲ್ಲ. ಅದರಲ್ಲಿ ರಕ್ತನಾಳಗಳೂ ಇಲ್ಲ. ಮುಂಭಾಗದ ಕೋಶಗಳು ವಿಭಜನೆಗೊಂಡು, ನಿಧಾನವಾಗಿ ಪಾರದರ್ಶಕ ನಾರುಗಳಾಗಿ ಬದಲಾಗುತ್ತವೆ. ಅವು ಜೀವನವಿಡೀ ಅಲ್ಲೇ ಉಳಿಯುತ್ತವೆ. ಗಾಯಗೊಂಡ ಕೋಶವು ಸರಿಯಾದ ನಾರಾಗಲಾರದು. ಅಂತಹವು ಮಸೂರದ ಹಿಂಭಾಗಕ್ಕೆ ಸರಿದು ಸೇರಿಕೊಂಡಾಗ ಅಲ್ಲಿ ಮಬ್ಬು ಕವಿಯುತ್ತದೆ. ವಿಕಿರಣದಿಂದಾಗುವ ಪೊರೆ ಸಾಮಾನ್ಯವಾಗಿ ಹಿಂಭಾಗದಲ್ಲಿ ಆರಂಭವಾಗುವುದು ಇದರಿಂದಲೇ.

ರಫು ಹಾಕಲಾಗದ ಹರಿಕು

ಕೋಶದೊಳಗಿನ ಡಿಎನ್‌ಎ ಎರಡು ಎಳೆಗಳ ಹುರಿ. ಅದಕ್ಕೆ ಪ್ರತಿದಿನವೂ ಸಾವಿರಾರು ಸಣ್ಣಪುಟ್ಟ ಹಾನಿಗಳಾಗುತ್ತವೆ. ಅವನ್ನು ದುರಸ್ತಿ ಮಾಡುವ ಕಿಣ್ವಗಳನ್ನು ಸೃಷ್ಟಿಕರ್ತನು ಕೋಶದೊಳಗೇ ಇಟ್ಟಿದ್ದಾನೆ. ಈ ದುರಸ್ತಿಯ ಬಗೆಯನ್ನು ಬಿಡಿಸಿ ತೋರಿಸಿದವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು. ಮೂವರಲ್ಲಿ ಒಬ್ಬರು ಟರ್ಕಿಯ ಸವೂರ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಅಝೀಝ್ ಸಂಜಾರ್.

ಬಟ್ಟೆಯ ಒಂದೆಳೆ ಕಿತ್ತರೆ ಪಕ್ಕದ ಎಳೆ ನೋಡಿಕೊಂಡು ರಫು ಹಾಕಬಹುದು. ಒಂದೇ ಜಾಗದಲ್ಲಿ ಹಲವು ಎಳೆಗಳು ಒಟ್ಟಿಗೆ ಹರಿದರೆ? ಎಕ್ಸ್‌ರೇಯ ಹಾನಿ ಬಹುಮಟ್ಟಿಗೆ ಚದುರಿಕೊಂಡಿರುತ್ತದೆ. ಭಾರ ಅಯಾನು ತಾನು ಹಾದುಹೋದ ದಾರಿಯುದ್ದಕ್ಕೂ ಡಿಎನ್‌ಎಯ ಎರಡೂ ಎಳೆಗಳನ್ನು ಒತ್ತೊತ್ತಾಗಿ ತುಂಡರಿಸುತ್ತದೆ. ದುರಸ್ತಿಯ ಕಿಣ್ವಗಳು ತಪ್ಪಾದ ತುದಿಗಳನ್ನು ಜೋಡಿಸುವುದುಂಟು.

ಎಲ್ಲರ ದುರಸ್ತಿಶಕ್ತಿಯೂ ಸಮಾನವಲ್ಲ. ಇದಕ್ಕೆ ಎಟಿಎಮ್ ಎಂಬ ಜೀನ್ ಮುಖ್ಯ. ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದ ಇಲಿಗಳಿಗೆ ವಿಕಿರಣ ತಗಲಿದಾಗ, ಉಳಿದವಕ್ಕಿಂತ ಬೇಗ ಪೊರೆ ಬಂದಿತು.

ನಮಗೇಕೆ ಈ ವಿಷಯ?

2023ರಲ್ಲಿ ಸೌದಿ ಅರೇಬಿಯಾದ ರಯ್ಯಾನಾ ಬರ್ನಾವಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದರು. ಅವರದು ಕೆಲವು ದಿನಗಳ ವಾಸ. ಮಂಗಳ ಗ್ರಹಕ್ಕೆ ಹೋಗಿಬರಲು ಎರಡೂವರೆ, ಮೂರು ವರ್ಷಗಳೇ ಬೇಕು. ನಾಳೆ ನಮ್ಮ ಹೆಣ್ಣುಮಕ್ಕಳೂ ಅಂತಹ ಪಯಣಕ್ಕೆ ಹೊರಡಬಹುದು. ಅವರ ಕಣ್ಣಿಗೆ ರಕ್ಷಣೆ ಹುಡುಕಲೇಬೇಕು.

ಇದೇ ಅಯಾನು ಔಷಧವೂ ಹೌದು. ಜಪಾನಿನ ಚಿಬಾದಲ್ಲಿ 1994ರಿಂದ ಕಾರ್ಬನ್ ಅಯಾನುಗಳ ಮೂಲಕ ಕ್ಯಾನ್ಸರ್‌ಗೆ ಚಿಕಿತ್ಸೆ ನೀಡಲಾಗುತ್ತಿದೆ. ಗುರಿ ಹಿಡಿದು ಬಿಟ್ಟಾಗ ದುರಸ್ತಿಯಾಗದ ಆ ಹರಿಕು ಕ್ಯಾನ್ಸರ್ ಕೋಶವನ್ನೇ ಕೊಲ್ಲುತ್ತದೆ.

ಇದನ್ನೋದಿ ಯಾರೂ ಎಕ್ಸ್‌ರೇಗೆ ಹೆದರಬೇಕಿಲ್ಲ. ವೈದ್ಯರು ಅಗತ್ಯವೆಂದರೆ ತೆಗೆಸಿಕೊಳ್ಳಿ. ಆದರೆ ಆಂಜಿಯೋಗ್ರಾಮ್ ಕೊಠಡಿಗಳಲ್ಲಿ ದಿನನಿತ್ಯ ದುಡಿಯುವ ದಾದಿಯರು ಮತ್ತು ತಂತ್ರಜ್ಞರು ಸೀಸದ ಗಾಜಿನ ಕನ್ನಡಕ ಧರಿಸುವುದನ್ನು ಮರೆಯಬಾರದು. ಮಸೂರವು ಮೊದಲು ತಿಳಿದುದಕ್ಕಿಂತ ಸೂಕ್ಷ್ಮವೆಂದು ಅರಿತು ಅಂತಾರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗವು 2011ರಲ್ಲಿ ಇಂತಹ ಕೆಲಸಗಾರರ ಮಿತಿಯನ್ನು ವರ್ಷಕ್ಕೆ 150ರಿಂದ ಸರಾಸರಿ 20 ಮಿಲಿಸೀವರ್ಟ್‌ಗೆ ಇಳಿಸಿತು.

ಪೊರೆ ಯಾವ ಕಾರಣದಿಂದ ಬಂದರೂ ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆದು ಕೃತಕ ಮಸೂರ ಕೂಡಿಸಬಹುದು. ಸೂಜಿಗೆ ದಾರ ಪೋಣಿಸಲಾಗದೆ, ಕುರ್‌ಆನ್‌ನ ಅಕ್ಷರ ಮಸುಕಾಗಿ ಕಂಡರೂ ಹೇಳಿಕೊಳ್ಳದ ಅಜ್ಜಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಅವರನ್ನು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯುವುದು ಈ ಅನುಗ್ರಹಕ್ಕೆ ನಾವು ಸಲ್ಲಿಸಬಹುದಾದ ಕೃತಜ್ಞತೆ.