ಕುದ್ರುವಿಗೊಂದು ಗೆರೆ, ತೋಡಿಗೊಂದು ಹೆಸರು

ಮಲ್ಪೆಯ ಸೇತುವೆ ದಾಟಿ ಪಡುಕೆರೆಗೆ ಇಳಿದು ಯಾರದಾದರೂ ಮನೆ ಕೇಳಿ ನೋಡಿ. ರಸ್ತೆಯ ಹೆಸರು ಯಾರೂ ಹೇಳುವುದಿಲ್ಲ. "ಭಜನಾ ಮಂದಿರ ಕಳೆದು ಎಡಕ್ಕೆ ಹೋಗಿ, ದೋಣಿ ಕವುಚಿ ಹಾಕಿದ್ದಾರಲ್ಲ, ಅಲ್ಲಿಂದ ಮೂರನೇದು" ಎಂಬಂಥ ಉತ್ತರ ಸಿಗುತ್ತದೆ. ಊರಿನವರಿಗೆ ಇಷ್ಟು ಧಾರಾಳ ಸಾಕು. ಪಡುವಣಕ್ಕೆ ಕಡಲು, ಮೂಡಣಕ್ಕೆ ಉದ್ಯಾವರ ಹೊಳೆ. ನಡುವಿನ ಆ ಸಪೂರ ಪಟ್ಟಿಯಲ್ಲಿ ದಾರಿ ತಪ್ಪಲು ಜಾಗವಾದರೂ ಎಲ್ಲಿದೆ? ಆದರೆ ಮಳೆಗಾಲದ ನಡುರಾತ್ರಿ ಕರೆಂಟು ಹೋಗಿ, ಅಂಗಳಕ್ಕೆ ನೀರು ಬಂದಾಗ ರಬ್ಬರ್ ದೋಣಿ ಹಿಡಿದುಕೊಂಡು ಬರುವವರು ಈ ಊರಿನವರಲ್ಲ. ಕವುಚಿ ಹಾಕಿದ ದೋಣಿ ಅವರಿಗೆ ಗುರುತಾಗುವುದು ಹೇಗೆ? ಅದು ಅಷ್ಟರಲ್ಲಿ ತೇಲಿಯೂ ಹೋಗಿರುತ್ತದೆ.

2020ರ ಸೆಪ್ಟೆಂಬರ್ 20ನ್ನು ಉಡುಪಿಯವರು ಮರೆತಿಲ್ಲ. ಒಂದೇ ರಾತ್ರಿಯ ಮಳೆಗೆ ಸ್ವರ್ಣೆ, ಸೀತೆ ಎರಡೂ ಉಕ್ಕಿ ಬೈಲುಗಳೆಲ್ಲ ಹೊಳೆಯಾದವು. ಅಂಥ ದಿನ ಬೇಕಾಗುವುದು ಸಾದಾ ಮಾಹಿತಿ: ಯಾವ ಕುದ್ರುವಿನಲ್ಲಿ ಎಷ್ಟು ಮನೆ, ಅಲ್ಲಿಗೆ ಹೋಗುವುದು ಕಾಲುಸಂಕವೋ ಜೀಪು ದಾಟುವ ಸೇತುವೆಯೋ, ಎತ್ತರದಲ್ಲಿರುವ ಶಾಲೆ ಯಾವುದು. ಆರ್‌ಟಿಸಿಯಲ್ಲಿ ಸರ್ವೆ ನಂಬರ್ ಇರುತ್ತದೆ, ಅಲ್ಲಿಗೆ ಹೋಗುವ ದಾರಿ ಇರುವುದಿಲ್ಲ. ಮೊಬೈಲಿನ ನಕ್ಷೆಯಲ್ಲಿ ಐಸ್‌ಕ್ರೀಮ್ ಅಂಗಡಿ ಇರುತ್ತದೆ, ಕಾಲುಸಂಕ ಇರುವುದಿಲ್ಲ.

ಈ ತೆರಪನ್ನು ಸಂಬಳವಿಲ್ಲದೆ ತುಂಬುತ್ತಿರುವ ಒಂದು ದೊಡ್ಡ ಬಳಗ ಜಗತ್ತಿನಲ್ಲಿದೆ. ಅದರ ಬುಡ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಇದನ್ನು ಶುರು ಮಾಡಿದರು. ವಿಕಿಪೀಡಿಯ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿ ಲೇಖನ, ಇಲ್ಲಿ ನಕ್ಷೆ. ಯಾರು ಬೇಕಾದರೂ ಸೇರಿಸಬಹುದು, ತಿದ್ದಬಹುದು, ಕಾಸು ಕೊಡದೆ ಬಳಸಬಹುದು.

ಇದು ಜೀವ ಉಳಿಸುವ ಕೆಲಸಕ್ಕೂ ಒದಗುತ್ತದೆ ಎಂದು ಗೊತ್ತಾದದ್ದು ಹೈಟಿಯಲ್ಲಿ. 2010ರ ಜನವರಿ 12ರಂದು ಭೂಕಂಪವಾದಾಗ ರಾಜಧಾನಿ ಪೋರ್ಟೋಪ್ರಿನ್ಸ್‌ನ ನೆಚ್ಚಬಹುದಾದ ನಕ್ಷೆ ಪರಿಹಾರ ತಂಡಗಳ ಕೈಯಲ್ಲಿರಲಿಲ್ಲ. ಉಪಗ್ರಹ ಚಿತ್ರಗಳನ್ನು ಸಂಸ್ಥೆಗಳು ಬಿಟ್ಟುಕೊಟ್ಟವು. ಬೇರೆ ಬೇರೆ ದೇಶಗಳ ಆರುನೂರಕ್ಕೂ ಹೆಚ್ಚು ಮಂದಿ ತಮ್ಮ ತಮ್ಮ ಮನೆಯಲ್ಲೇ ಕೂತು ಅದರ ಮೇಲೆ ಬೀದಿ, ಓಣಿ, ಡೇರೆಗಳ ಗೆರೆ ಎಳೆದರು. ಆ ನಕ್ಷೆ ರಕ್ಷಣಾ ತಂಡದವರ ಜಿಪಿಎಸ್‌ಗೆ ಹೋಯಿತು. ಅದೇ ವರ್ಷ ಹ್ಯುಮಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ಟೀಮ್ ಎಂಬ ಸಂಸ್ಥೆ ನೋಂದಣಿಯಾಯಿತು. 'ಹಾಟ್' ಅಂತ ಕರೆಯುತ್ತಾರೆ. 2014ರಲ್ಲಿ ರೆಡ್‌ಕ್ರಾಸ್ ಸಂಸ್ಥೆಗಳು, ಗಡಿಯಿಲ್ಲದ ವೈದ್ಯರ ಸಂಘಟನೆ ಮತ್ತು ಹಾಟ್ ಒಟ್ಟಾಗಿ 'ಮಿಸ್ಸಿಂಗ್ ಮ್ಯಾಪ್ಸ್' ಶುರು ಮಾಡಿದವು. ವಿಪತ್ತು ಬಂದ ಮೇಲೆ ಓಡುವ ಬದಲು ನಕ್ಷೆಯೇ ಇಲ್ಲದ ಊರುಗಳನ್ನು ಮೊದಲೇ ಬರೆದಿಡುವುದು ಅದರ ಉದ್ದೇಶ.

ನನಗೆ ಹೈಟಿಗಿಂತ ಹೆಚ್ಚು ಹಿಡಿಸುವುದು ನೇಪಾಳದ ಕಥೆ. ಕಾಠ್ಮಂಡು ಲಿವಿಂಗ್ ಲ್ಯಾಬ್ಸ್ ಎಂಬ ಅಲ್ಲಿನವರದೇ ಸಂಸ್ಥೆ ಇದೆ. ನಾಮ ಬುಢಾಥೋಕಿಯವರ ಮುಂದಾಳತ್ವದಲ್ಲಿ ಕಾಲೇಜು ಹುಡುಗರನ್ನು ಕಟ್ಟಿಕೊಂಡು ಕಾಠ್ಮಂಡು ಕಣಿವೆಯ ಶಾಲೆ, ಆಸ್ಪತ್ರೆ, ಓಣಿಗಳನ್ನು ಅವರು ಭೂಕಂಪಕ್ಕೆ ಮೊದಲೇ ನಕ್ಷೆಗೆ ಏರಿಸಿದ್ದರು. ಹಾಗಾಗಿ 2015ರ ಏಪ್ರಿಲ್ 25ರಂದು ನೆಲ ನಡುಗಿದಾಗ ಹೊರದೇಶದ ಸಾವಿರಾರು ಮಂದಿ ಕೈಜೋಡಿಸಲು ಒಂದು ತಳಪಾಯ ಸಿದ್ಧವಾಗಿತ್ತು. ಅದೇ ವರ್ಷದ ಕೊನೆಗೆ ಚೆನ್ನೈ ಮುಳುಗಿದಾಗ ಮ್ಯಾಪ್‌ಬಾಕ್ಸ್ ಎಂಬ ನಕ್ಷೆ ಕಂಪೆನಿಯ ಅರುಣ್ ಗಣೇಶ್ ಮತ್ತು ಜೊತೆಗಾರರು ಇದೇ ನಕ್ಷೆಯ ಮೇಲೆ ಒಂದು ವೆಬ್ ಪುಟ ಮಾಡಿದರು. ನೀರು ನಿಂತ ಬೀದಿಯನ್ನು ಜನರೇ ಮುಟ್ಟಿ ಗುರುತು ಮಾಡಿದರು. 2018ರ ನವೆಂಬರಿನಲ್ಲಿ ಏಷ್ಯಾದ ನಕ್ಷೆಗಾರರ ಸಮ್ಮೇಳನ ನಡೆದದ್ದೂ ನಮ್ಮ ಬೆಂಗಳೂರಿನಲ್ಲೇ.

ಕೆಲಸ ನೋಡಲು ಸುಲಭ. 'ಟಾಸ್ಕಿಂಗ್ ಮ್ಯಾನೇಜರ್' ಎಂಬಲ್ಲಿ ಒಂದು ಪ್ರದೇಶವನ್ನು ಚೌಕ ಚೌಕವಾಗಿ ಹಂಚಿಟ್ಟಿರುತ್ತಾರೆ. ಒಂದು ಚೌಕ ತೆಗೆದುಕೊಂಡರೆ ಅದು ನಿಮ್ಮ ಹೆಸರಿನಲ್ಲಿ ಬೀಗ ಹಾಕಿಕೊಳ್ಳುತ್ತದೆ. ಉಪಗ್ರಹ ಚಿತ್ರದಲ್ಲಿ ಮಾಡು ಕಂಡರೆ ನಾಲ್ಕು ಮೂಲೆ ಒತ್ತಿ, ಕ್ಯೂ ಕೀಲಿ ಒತ್ತಿದರೆ ಸೊಟ್ಟ ಮನೆ ನೆಟ್ಟಗಾಗುತ್ತದೆ. ಆಫ್ರಿಕಾದ ದುಂಡು ಗುಡಿಸಲಾದರೆ ಓ ಕೀಲಿ. ಮುಗಿದ ಚೌಕವನ್ನು ಅನುಭವಸ್ಥರೊಬ್ಬರು ನೋಡಿ ಒಪ್ಪಬೇಕು ಅಥವಾ ವಾಪಸು ಕಳಿಸಬೇಕು. ನನ್ನದು ವಾಪಸು ಬಂದಿತ್ತು. ಮೊದಲ ದಿನ ಕಡಲಬದಿಯಲ್ಲಿ ಎಳೆದ ಹತ್ತು ಮನೆಗಳಲ್ಲಿ ಎರಡು, ಮೀನು ಒಣಗಿಸಲು ಹಾಸಿದ ಟಾರ್ಪಾಲುಗಳಾಗಿದ್ದವು.

ಕರಾವಳಿಯ ನಕ್ಷೆ ಬರೆಯುವುದು ಬೇರೆಯದೇ ತಲೆನೋವು. ಮಳೆಗಾಲ ಪೂರ್ತಿ ಮೋಡ ಕವಿದಿರುವುದರಿಂದ ನಮಗೆ ಸಿಗುವ ಸ್ಪಷ್ಟ ಚಿತ್ರಗಳು ಹೆಚ್ಚಾಗಿ ಬೇಸಿಗೆಯವು. ಅದರಲ್ಲಿ ಬೈಲುಗದ್ದೆ ಒಣಗಿ ಮೈದಾನದಂತೆ ಕಾಣುತ್ತದೆ. ನೀರಿಲ್ಲದ ತೋಡು ಕಾಲುದಾರಿಯಂತೆ ಕಾಣುತ್ತದೆ. ದೂರದೂರಿನ ಸ್ವಯಂಸೇವಕ ಅದಕ್ಕೆ ದಾರಿ ಎಂದೇ ಗೆರೆ ಎಳೆದರೆ ತಪ್ಪು ಅವನದಲ್ಲ. ಆಟಿಯಲ್ಲಿ ಆ 'ದಾರಿ'ಯಲ್ಲಿ ಸೊಂಟ ಮುಳುಗುವ ನೀರು. ಇನ್ನು ತೆಂಗಿನ ತೋಟದ ಅಡಿಯ ಹಂಚಿನ ಮನೆ, ಸ್ವರ್ಣೆಯ ಪಡುಕುದ್ರುವಿನಲ್ಲಾಗಲಿ ತಿಮ್ಮಣ್ಣಕುದ್ರುವಿನಲ್ಲಾಗಲಿ, ಮೇಲಿನಿಂದ ಬರೀ ಹಸುರು. ಕೋಡಿಬೆಂಗ್ರೆಯಲ್ಲಿ ಹೊಳೆಗಳು ಕಡಲು ಸೇರುವ ಅಳಿವೆಯ ಮರಳ ದಂಡೆಯಂತೂ ಹೋದ ವರ್ಷ ಇದ್ದಲ್ಲಿ ಈ ವರ್ಷ ಇರುವುದಿಲ್ಲ.

ಕಡಲ ಗೆರೆಗೂ ಒಂದು ಶಾಸ್ತ್ರವಿದೆ. ಎಳೆಯುವಾಗ ನೆಲ ಎಡಗೈಗೆ, ನೀರು ಬಲಗೈಗೆ ಇರಬೇಕು. ಅಂದರೆ ನಮ್ಮ ಕರಾವಳಿಯನ್ನು ಬಡಗಿನಿಂದ ತೆಂಕಿಗೆ, ಬೆಂಗ್ರೆಯಿಂದ ಕಾಪುವಿನ ದೀಪಸ್ತಂಭದ ಕಡೆಗೆ ಬರೆಯಬೇಕು. ಉಲ್ಟಾ ಎಳೆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಉಡುಪಿ, ಮಣಿಪಾಲ ಎಲ್ಲ ಸಮುದ್ರ!

ಮಾಡು ಕಾಣದಿದ್ದರೂ ಹೇಗೋ ಹುಡುಕಬಹುದು, ಹೆಸರು ಮಾತ್ರ ಯಾವ ಉಪಗ್ರಹಕ್ಕೂ ಸಿಗದು. ಪಡು, ಮೂಡು, ಕೋಡಿ, ಬೆಂಗ್ರೆ, ಕುದ್ರು, ಬೈಲು ಎಂದ ಕೂಡಲೇ ಆ ಜಾಗದ ತಗ್ಗು ದಿಣ್ಣೆ ನಮಗೆ ತಿಳಿಯುತ್ತದೆ. ಕುದ್ರು ಎಂದರೆ ಸುತ್ತ ನೀರು, ಬೈಲು ಎಂದರೆ ನೀರು ಮೊದಲು ನುಗ್ಗುವ ಕಡೆ. ಈ ನಕ್ಷೆಯಲ್ಲಿ ಒಂದೇ ಜಾಗಕ್ಕೆ ಹಲವು ನುಡಿಗಳ ಹೆಸರು ಕೊಡಬಹುದು. ಕನ್ನಡಕ್ಕೆ ಒಂದು ಖಾನೆ, ತುಳುವಿಗೆ ಬೇರೆಯದೇ ಖಾನೆ. ಉಡುಪಿಯ ಜೊತೆಗೆ ಒಡಿಪು, ಕಾರ್ಕಳದ ಜೊತೆಗೆ ಕಾರ್ಲ. ಸರಕಾರಿ ನಕ್ಷೆಯಲ್ಲಿ ಇಷ್ಟು ಉದಾರತೆಯನ್ನು ನಾನು ಕಂಡಿಲ್ಲ.

ಎಚ್ಚರಿಕೆಯ ಮಾತೂ ಹೇಳಬೇಕು. ಗೂಗಲ್ ನಕ್ಷೆ ನೋಡಿ ನಕಲು ಮಾಡುವಂತಿಲ್ಲ, ಅದು ಪರರ ಸೊತ್ತು. ಮನೆಗೆ ಯಜಮಾನರ ಹೆಸರು ಹಾಕಬಾರದು. ಭಜನಾ ಮಂದಿರ, ಗರೋಡಿ, ನಾಗಬನ ಸಾಕು. ಕಾಶ್ಮೀರದ ಕಡೆ ಇದು ತೋರಿಸುವ ಗಡಿ ನಮ್ಮ ದೇಶದ ಅಧಿಕೃತ ಗಡಿಗೆ ಹೊಂದುವುದಿಲ್ಲ. ಇಲ್ಲಿ ಭಾರತದ ನಕ್ಷೆ ಅಚ್ಚು ಹಾಕುವವರು ಸರ್ವೆ ಆಫ್ ಇಂಡಿಯಾದ ಗಡಿಯನ್ನೇ ಬಳಸಬೇಕು. ಮನೆಯಿಂದಲೇ ಮಾಡುವ ಸೇವೆಗೆ ಒಂದು ಸುಖದ ಮತ್ತೂ ಇದೆ: ಮಣಿಪಾಲದ ಹಾಸ್ಟೆಲಿನಲ್ಲಿ ಕೂತು ಆಫ್ರಿಕಾದ ನೂರು ಗುಡಿಸಲು ಎಳೆದವರು ಪಕ್ಕದ ಊರಿನ ಕಾಲುಸಂಕವನ್ನು ನೋಡಿಯೇ ಇರುವುದಿಲ್ಲ. ಗುಡಿಸಲು ಎಳೆಯುವುದು ಬೇಡವೆಂದಲ್ಲ. ಅಲ್ಲಿ ಲಸಿಕೆ ಕೊಡುವವರಿಗೆ ಆ ನೂರು ಗುಡಿಸಲಿನ ಲೆಕ್ಕ ಬೇಕು. ಒಂದು ಭಾನುವಾರ ಬಸ್ಸು ಹತ್ತಿ ಕೆಮ್ಮಣ್ಣಿಗೂ ಹೋಗಿ ಬನ್ನಿ ಎನ್ನುತ್ತೇನೆ, ಅಷ್ಟೇ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಮಲ್ಪೆಯ ದಕ್ಕೆಯಲ್ಲಿ ಅವು ಒತ್ತೊತ್ತಾಗಿ ನಿಂತಿರುತ್ತವೆ, ಬೋಟು ನಡೆಸುವ ತಾಂಡೇಲರು ಮನೆಯಲ್ಲಿರುತ್ತಾರೆ. ನೀರೊಳಗಿನ ಕಲ್ಲು ಎಲ್ಲಿ, ಎಷ್ಟು ಮಾರು ಆಳ ಎಂದು ದಡದ ಗುರುತು ನೋಡಿ ಹೇಳಬಲ್ಲವರು ಅವರು. ನಕ್ಷೆಗೆ ಬೇಕಾದ ಹೆಸರು ಕೇಳಲು ಇದೇ ಒಳ್ಳೆಯ ಹೊತ್ತು. ಮೊಬೈಲಿಗೆ ಸ್ಟ್ರೀಟ್‌ಕಂಪ್ಲೀಟ್ ಎಂಬ ಆ್ಯಪ್ ಹಾಕಿಕೊಂಡರೆ ಅದೇ ಒಂದೊಂದು ಪ್ರಶ್ನೆ ಕೇಳುತ್ತದೆ: ಈ ರಸ್ತೆಯ ಹೆಸರೇನು, ಡಾಮರೋ ಮಣ್ಣೋ? ಹೆಸರು ಗೊತ್ತಿಲ್ಲದಿದ್ದರೆ ಜಗಲಿಯಲ್ಲಿ ಕೂತು ಬಲೆ ಸರಿಮಾಡುವ ಅಜ್ಜನ ಹತ್ತಿರ ಹೋಗಿ ಕುಳಿತುಕೊಳ್ಳಿ. ಮೊದಲು ನಿಮ್ಮ ಹಿತ್ತಿಲ ತೋಡಿನ ಹೆಸರು ಕೇಳಿ ಬರೆದುಕೊಳ್ಳಿ.