ಓಲೆಗರಿಯೂ ಅಂತರ್ಜಾಲವೂ

ಕಳೆದ ತಿಂಗಳು ನನ್ನ ಸೋದರಮಾವನವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆಯೆಂದು ತಿಳಿಯಿತು. ವೈದ್ಯರು ಚಿಕಿತ್ಸೆಯನ್ನು ವಿವರಿಸುವ ಮೊದಲೇ ಅಂತರ್ಜಾಲದ ಉಪದೇಶ ಆರಂಭವಾಯಿತು. ಕಷಾಯದಿಂದ ಗಡ್ಡೆ ಕರಗುವುದೆಂದು ಸಾರುವ ವಿಡಿಯೋವೊಂದನ್ನು ತೋರಿಸಿ, “ಲಕ್ಷಾಂತರ ಜನ ನೋಡಿದ್ದಾರಪ್ಪಾ, ಸುಳ್ಳಾದೀತೆ?” ಎಂದರು.

ಗ್ರಂಥಸಂಪಾದನೆಯನ್ನು ಬೋಧಿಸುವ ನನಗೆ ಈ ಪ್ರಶ್ನೆ ಹೊಸದಲ್ಲ. ಪ್ರತಿಗಳು ಹೆಚ್ಚಿದ ಮಾತ್ರಕ್ಕೆ ಪಾಠ ಶುದ್ಧವಾಗದು. ಒಬ್ಬ ಲಿಪಿಕಾರನ ತಪ್ಪನ್ನೇ ಹತ್ತು ಓಲೆಗರಿಯ ಪ್ರತಿಗಳು ಹೊತ್ತು ತಂದಿರಬಹುದು. ಅಮೆರಿಕದ ವೈದ್ಯರು 2018ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಸೂಚಿಸುತ್ತದೆ. ಈ ರೋಗವನ್ನು ಕುರಿತ 150 ಯೂಟ್ಯೂಬ್ ವಿಡಿಯೋಗಳ ಪೈಕಿ ಶೇಕಡ 77ರಲ್ಲಿ, ವಿಡಿಯೋದಲ್ಲೋ ಅದರ ಕೆಳಗಿನ ಅಭಿಪ್ರಾಯಗಳಲ್ಲೋ, ದಾರಿ ತಪ್ಪಿಸಬಹುದಾದ ಅಥವಾ ಪಕ್ಷಪಾತದ ಮಾತುಗಳಿದ್ದುವು. ವೈಜ್ಞಾನಿಕ ಗುಣ ತಗ್ಗಿದಲ್ಲಿಯೇ ನೋಡುಗರ ಒಲವು ಹೆಚ್ಚಾಗಿತ್ತು!

ಇದಕ್ಕೊಂದು ಒರೆಗಲ್ಲುಂಟು. ಇಂಗ್ಲೆಂಡಿನಲ್ಲಿ ರೂಪುಗೊಂಡು 1999ರಲ್ಲಿ ಪ್ರಕಟವಾದ ‘ಡಿಸರ್ನ್’ ಎಂಬ 16 ಪ್ರಶ್ನೆಗಳ ಪಟ್ಟಿಯದು. ಈ ಮಾತಿಗೆ ಆಧಾರವೇನು? ಆ ಆಧಾರ ಯಾವ ಕಾಲದ್ದು? ಚಿಕಿತ್ಸೆಯ ಅಪಾಯಗಳೇನು? ಚಿಕಿತ್ಸೆ ಪಡೆಯದಿದ್ದರೆ ಏನಾದೀತು? ಈ ರೋಗದಲ್ಲಿ ಕೊನೆಯ ಎರಡು ಪ್ರಶ್ನೆಗಳು ಬಹು ಮುಖ್ಯ. ನಿಧಾನವಾಗಿ ಬೆಳೆಯುವ ಗಡ್ಡೆಯಾದರೆ, ಕ್ರಮವಾಗಿ ಪರೀಕ್ಷಿಸುತ್ತ ಕಾಯುವುದೂ ಶಾಸ್ತ್ರಸಮ್ಮತವಾದ ಮಾರ್ಗವೇ. ಶಸ್ತ್ರಚಿಕಿತ್ಸೆಯಿಂದ ಮೂತ್ರದ ಹಿಡಿತ ತಪ್ಪಬಹುದು. ಲೈಂಗಿಕ ಶಕ್ತಿಯೂ ಕುಗ್ಗಬಹುದು. ಇವನ್ನು ಹೇಳದ ಬರಹ ರೋಗಿಗೆ ಅರ್ಧ ಸತ್ಯವನ್ನಷ್ಟೇ ಕೊಡುತ್ತದೆ.

ನಾವಿಬ್ಬರೂ ಕುಳಿತು ಆ ವಿಡಿಯೋಗೆ ಈ ಪ್ರಶ್ನೆಗಳನ್ನು ಹಾಕಿದೆವು. ಒಂದಕ್ಕೂ ಉತ್ತರ ಸಿಗಲಿಲ್ಲ. ಮಾವ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು, “ಸೋಮವಾರ ಡಾಕ್ಟರನ್ನೇ ಕೇಳೋಣ, ನೀನೂ ಬಾ” ಎಂದರು.